ಒಂದೇ ಅಂಗಳ, ಎರಡು ತಂಡ: ಮಿಲಾನೊ ಡರ್ಬಿಗೆ ಹೋಗುವವರಿಗೆ

(ಉಪನ್ಯಾಸದ ಬರಹ ರೂಪ)

ಸ್ನೇಹಿತರೆ, ಜಗತ್ತಿನ ಹೆಚ್ಚಿನ ಫುಟ್‌ಬಾಲ್ ಡರ್ಬಿಗಳಲ್ಲಿ, ಅಂದರೆ ಒಂದೇ ಊರಿನ ಅಥವಾ ನೆರೆಹೊರೆಯ ಎದುರಾಳಿಗಳ ಪಂದ್ಯಗಳಲ್ಲಿ, ಒಂದು ತಂಡ ಇನ್ನೊಂದರ ಊರಿಗೋ ಬಡಾವಣೆಗೋ ಹೋಗಿ ಆಡುತ್ತದೆ. ಇಟಲಿಯ ಮಿಲಾನೊದಲ್ಲಿ ಹಾಗಿಲ್ಲ. ಎಸಿ ಮಿಲಾನ್ ಮತ್ತು ಇಂಟರ್ ಸಾನ್ ಸಿರೊ ಎಂಬ ಒಂದೇ ಕ್ರೀಡಾಂಗಣವನ್ನು ತವರು ಎಂದು ಕರೆಯುತ್ತವೆ. ಹೊರಗಿನಿಂದ ಹೋಗುವ ಪ್ರೇಕ್ಷಕರ ತೊಂದರೆಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಲ್ಲಿಂದಲೇ. ಟಿಕೆಟ್ ಯಾರು ಮಾರುತ್ತಾರೆ, ಯಾವಾಗ ಮಾರುತ್ತಾರೆ, ನಿಮ್ಮ ಅಕ್ಕಪಕ್ಕ ಯಾರು ಕೂರುತ್ತಾರೆ, ಯಾವ ಬಣ್ಣದ ಬಟ್ಟೆ ತೊಡಬಹುದು ಎಂಬುದೆಲ್ಲ ಆ ದಿನದ ಪಂದ್ಯಕ್ಕೆ ಆತಿಥೇಯರು ಯಾರು ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಈ ಒಂದು ಸಂಗತಿಯನ್ನು ಹಿಡಿದುಕೊಂಡೇ ಮುಂದೆ ಹೋಗೋಣ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಮಿಲಾನ್ ಕ್ಲಬ್ ಹುಟ್ಟಿದ್ದು 1899ರಲ್ಲಿ, ಇಂಗ್ಲಿಷರು ಮುಂದೆ ನಿಂತು ಕಟ್ಟಿದ್ದು. ವಿದೇಶಿ ಆಟಗಾರರನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂಬ ಜಗಳದಲ್ಲಿ ಒಂದು ಗುಂಪು ಒಡೆದು ಹೋಗಿ 1908ರ ಮಾರ್ಚ್ 9ರಂದು ಇಂಟರ್ನ್ಯಾಸಿಯೊನಾಲೆ ಎಂಬ ಹೆಸರಿನಲ್ಲಿ ಹೊಸ ಕ್ಲಬ್ ಮಾಡಿತು. ಅದೇ ಇಂದಿನ ಇಂಟರ್. ಮಿಲಾನ್ ಬೆಂಬಲಿಗರು ದುಡಿಯುವ ವರ್ಗದವರು, ಇಂಟರ್‌ನವರು ಅನುಕೂಲಸ್ಥರು ಎಂಬ ಮಾತು ಬಹಳ ಕಾಲ ಚಾಲ್ತಿಯಲ್ಲಿತ್ತು. ಈಗ ಆ ಗೆರೆ ಅಳಿಸಿಹೋಗಿದೆ, ಒಂದೇ ಮನೆಯಲ್ಲಿ ಅಣ್ಣ ಅಲ್ಲಿ, ತಮ್ಮ ಇಲ್ಲಿ. ನಗರದ ದೊಡ್ಡ ಚರ್ಚಿನ ಶಿಖರದ ಮೇಲಿರುವ ಮೇರಿಮಾತೆಯ ಚಿನ್ನದ ಲೇಪನದ ಮೂರ್ತಿಯ ಹೆಸರನ್ನೇ ಈ ಡರ್ಬಿಗೆ ಇಟ್ಟಿದ್ದಾರೆ: ದೆಲ್ಲಾ ಮದೊನ್ನೀನಾ.

ಸಾನ್ ಸಿರೊ ಕ್ರೀಡಾಂಗಣ 1926ರ ಸೆಪ್ಟೆಂಬರ್ 19ರಂದು ಆರಂಭವಾಯಿತು. ಮೊದಲ ಪಂದ್ಯವೇ ಡರ್ಬಿ, ಇಂಟರ್ 6–3ರಿಂದ ಗೆದ್ದಿತು. ಆಗ ಅದು ಮಿಲಾನ್‌ನ ಅಂಗಳ. ಇಂಟರ್ ಅಲ್ಲಿಗೆ ಬಂದದ್ದು 1947ರಲ್ಲಿ. ಎರಡೂ ತಂಡಗಳಿಗೆ ಆಡಿದ್ದ ಜುಸೆಪ್ಪೆ ಮೆಯಾಸ್ಸಾ 1979ರಲ್ಲಿ ತೀರಿಕೊಂಡ ಮೇಲೆ ಕ್ರೀಡಾಂಗಣಕ್ಕೆ ಅಧಿಕೃತವಾಗಿ ಅವರ ಹೆಸರು ಬಂತು. ಆದರೂ ಮಿಲಾನ್ ಬೆಂಬಲಿಗರ ಬಾಯಲ್ಲಿ ಅದು ಸಾನ್ ಸಿರೊ ಎಂದೇ ಉಳಿದಿದೆ, ಏಕೆಂದರೆ ಮೆಯಾಸ್ಸಾ ಹೆಚ್ಚಾಗಿ ಇಂಟರ್‌ನ ಮನುಷ್ಯ. 75 ಸಾವಿರಕ್ಕೂ ಹೆಚ್ಚು ಜನ ಕೂರುವ ಈ ಕಟ್ಟಡವನ್ನು 2025ರ ನವೆಂಬರಿನಲ್ಲಿ ಎರಡೂ ಕ್ಲಬ್ಬುಗಳು ಸೇರಿ ನಗರಾಡಳಿತದಿಂದ ಕೊಂಡುಕೊಂಡಿವೆ. ಪಕ್ಕದಲ್ಲೇ ಹೊಸದನ್ನು ಕಟ್ಟಿ, ಹಳೆಯದರ ಬಹುಭಾಗವನ್ನು ಕೆಡವುವ ಯೋಜನೆ ಇದೆ. ನೋಡುವ ಆಸೆ ಇದ್ದವರು ಬಹಳ ವರ್ಷ ಮುಂದೂಡಬೇಡಿ.

ಈಗ ಆತಿಥೇಯರ ವಿಚಾರಕ್ಕೆ ಬರೋಣ. ಲೀಗ್‌ನಲ್ಲಿ ವರ್ಷಕ್ಕೆ ಎರಡು ಡರ್ಬಿ. ಒಂದಕ್ಕೆ ಮಿಲಾನ್ ಆತಿಥೇಯ, ಇನ್ನೊಂದಕ್ಕೆ ಇಂಟರ್. ಕಪ್ ಪಂದ್ಯಗಳಲ್ಲಿ ಎದುರಾದರೆ ಇನ್ನೂ ಒಂದೆರಡು ಸೇರುತ್ತವೆ. ಸೂಪರ್ ಕಪ್ ಮಾತ್ರ ಇತ್ತೀಚಿನ ವರ್ಷಗಳಲ್ಲಿ ಸೌದಿ ಅರೇಬಿಯಾದಲ್ಲಿ ನಡೆಯುತ್ತಿದೆ, ಆ ಹೆಸರು ನೋಡಿ ಮಿಲಾನೊಗೆ ವಿಮಾನ ಹತ್ತಬೇಡಿ. ಟಿಕೆಟ್ ಮಾರುವ ಹಕ್ಕು ಆತಿಥೇಯ ಕ್ಲಬ್ಬಿನದು. ಇಡೀ ವರ್ಷದ ಪಾಸ್ ಕೊಂಡವರು ಎರಡೂ ಕಡೆ ಸುಮಾರು 40 ಸಾವಿರ ಜನ ಇದ್ದಾರೆ. ಇಂಟರ್ ಆತಿಥೇಯವಾದ ದಿನ ಇಂಟರ್‌ನ ಪಾಸುದಾರರು ತಮ್ಮ ತಮ್ಮ ಕುರ್ಚಿಗಳಿಗೆ ಬಂದು ಕೂರುತ್ತಾರೆ, ಮಿಲಾನ್‌ನವರಿಗೆ ಮುಖ್ಯವಾಗಿ ದಕ್ಷಿಣ ತುದಿಯ ಗ್ಯಾಲರಿ ಸಿಗುತ್ತದೆ. ಇನ್ನೊಂದು ಪಂದ್ಯಕ್ಕೆ ಇದು ತಿರುವುಮುರುವು: ಮಿಲಾನ್‌ನ ಪಾಸುದಾರರು ತಮ್ಮ ಕುರ್ಚಿಗಳಲ್ಲಿ, ಇಂಟರ್‌ನವರಿಗೆ ಮುಖ್ಯವಾಗಿ ಉತ್ತರ ತುದಿಯ ಗ್ಯಾಲರಿ. ಹೀಗಾಗಿ ಪಂದ್ಯ ಎರಡೂ ಬಾರಿ ಒಂದೇ ಹುಲ್ಲಿನ ಮೇಲೆ ನಡೆದರೂ ಸುತ್ತಲಿನ ದನಿ ಪೂರ್ತಿ ಬೇರೆ. ನಿಮಗೆ ಮಿಲಾನ್ ಇಷ್ಟವೆಂದಾದರೆ ಮಿಲಾನ್ ಆತಿಥೇಯವಾದ ಪಂದ್ಯವನ್ನೇ ಆರಿಸಿ. ಇದನ್ನು ಗಮನಿಸದೆ ಬರೀ ದಿನಾಂಕ ನೋಡಿ ಟಿಕೆಟ್ ಕೊಂಡವರು ತೊಂಬತ್ತು ನಿಮಿಷ ತಮ್ಮ ತಂಡದ ಗೋಲಿಗೆ ಬಾಯಿ ಬಿಗಿಹಿಡಿದು ಕೂರಬೇಕಾಗುತ್ತದೆ.

ದಿನಾಂಕದ ಮಾತು ಬಂತು. ಲೀಗ್‌ನ ವೇಳಾಪಟ್ಟಿ ಬೇಸಿಗೆಯಲ್ಲೇ ಪ್ರಕಟವಾಗುತ್ತದೆ, ಆದರೆ ಅದರಲ್ಲಿ ಇರುವುದು ವಾರಾಂತ್ಯ ಮಾತ್ರ. ಶನಿವಾರವೋ ಭಾನುವಾರವೋ, ಸಂಜೆ 6ಕ್ಕೋ ರಾತ್ರಿ 8.45ಕ್ಕೋ ಎಂಬುದು ಟಿವಿ ಪ್ರಸಾರ ಮತ್ತು ಯುರೋಪಿನ ಕಪ್ ಪಂದ್ಯಗಳನ್ನು ನೋಡಿಕೊಂಡು, ಕಂತು ಕಂತಾಗಿ, ಪಂದ್ಯಕ್ಕೆ ಕೆಲವು ವಾರ ಮೊದಲು ತೀರ್ಮಾನವಾಗುತ್ತದೆ. ಬೆಂಗಳೂರಿನಿಂದ ಹೋಗುವವರು ಷೆಂಗೆನ್ ವೀಸಾಕ್ಕೆ ಅದಕ್ಕಿಂತ ಬಹಳ ಮೊದಲೇ ಅರ್ಜಿ ಹಾಕಿರಬೇಕು. ಆದ್ದರಿಂದ ಶುಕ್ರವಾರದಿಂದ ಮಂಗಳವಾರದವರೆಗೆ ಊರಲ್ಲಿರುವಂತೆ ಪ್ರಯಾಣ ಜೋಡಿಸಿಕೊಳ್ಳುವುದು ಕ್ಷೇಮ. ಭಾನುವಾರ ಮಧ್ಯಾಹ್ನದ ಪಂದ್ಯ ಎಂದು ಊಹಿಸಿ ಅದೇ ರಾತ್ರಿಯ ವಿಮಾನ ಕಾದಿರಿಸಿದರೆ, ಪಂದ್ಯ ಶುರುವಾಗುವ ಹೊತ್ತಿಗೆ ನೀವು ವಿಮಾನ ನಿಲ್ದಾಣದಲ್ಲಿ ಇರುತ್ತೀರಿ.

ಟಿಕೆಟ್ ಮಾರಾಟ ಹಂತ ಹಂತವಾಗಿ ನಡೆಯುತ್ತದೆ. ಮೊದಲು ಪಾಸುದಾರರಿಗೆ, ಆಮೇಲೆ ಕ್ಲಬ್ಬಿನ ಸದಸ್ಯತ್ವ ಇದ್ದವರಿಗೆ, ಉಳಿದರೆ ಎಲ್ಲರಿಗೂ. ಡರ್ಬಿಗೆ ಮೂರನೇ ಹಂತದಲ್ಲಿ ಉಳಿಯುವುದು ಬಹಳ ಕಡಿಮೆ. ಇಂಟರ್‌ನ ಸದಸ್ಯತ್ವಕ್ಕೆ ಸಿಯಾಮೊ ನೋಯಿ ಎಂದು ಹೆಸರು, ಮಿಲಾನ್‌ನ ಕಾರ್ಡಿಗೆ ಕ್ವೊರೆ ರೊಸ್ಸೊನೇರೊ ಎಂದು. ವಿದೇಶಿಯರೂ ಇವನ್ನು ಆನ್‌ಲೈನ್‌ನಲ್ಲಿ ಪಡೆಯಬಹುದು. ಮಾರಾಟ ಶುರುವಾಗುವ ದಿನಕ್ಕೆ ಮೊದಲೇ ಖಾತೆ ತೆರೆದು, ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು ಎಲ್ಲ ತುಂಬಿ, ವಿದೇಶಿ ವಹಿವಾಟಿಗೆ ತೆರೆದಿರುವ ಕಾರ್ಡನ್ನು ಸಿದ್ಧವಾಗಿಟ್ಟುಕೊಳ್ಳಿ. ನಮ್ಮ ಬ್ಯಾಂಕುಗಳ ಕಾರ್ಡುಗಳಲ್ಲಿ ವಿದೇಶಿ ಪಾವತಿ ಬಹುತೇಕ ಮುಚ್ಚಿರುತ್ತದೆ, ಆ್ಯಪ್‌ನಲ್ಲಿ ನೀವೇ ತೆರೆಯಬೇಕು. ಕೊನೆಯ ಗುಂಡಿ ಒತ್ತುವಾಗ ಇದು ಕೈಕೊಟ್ಟರೆ ಆ ಕುರ್ಚಿ ಹೋದ ಹಾಗೆಯೇ.

ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಇಟಲಿಯಲ್ಲಿ ಟಿಕೆಟ್ ವ್ಯಕ್ತಿಯ ಹೆಸರಿಗೆ. ಬಾಗಿಲಲ್ಲಿ ಟಿಕೆಟ್ಟಿನ ಹೆಸರನ್ನೂ ಗುರುತಿನ ಚೀಟಿಯ ಹೆಸರನ್ನೂ ಪಕ್ಕಪಕ್ಕ ಹಿಡಿದು ನೋಡುತ್ತಾರೆ. ಅರ್ಜಿಯಲ್ಲಿ ಹೆಸರು, ಮನೆತನದ ಹೆಸರು ಎರಡನ್ನೂ ತುಂಬಲೇಬೇಕು. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ, ಹೆಸರಿನ ಜಾಗದಲ್ಲೇ ಊರು, ತಂದೆ, ಸ್ವಂತ ಹೆಸರು ಮೂರೂ ಸಾಲಾಗಿ ಇರುತ್ತವೆ. ಅಂಥವರು ಪಾಸ್‌ಪೋರ್ಟಿನಲ್ಲಿರುವ ಕೊನೆಯ ಪದವನ್ನು ಮನೆತನದ ಜಾಗಕ್ಕೂ ಉಳಿದದ್ದನ್ನು ಹೆಸರಿನ ಜಾಗಕ್ಕೂ ಹಾಕಿ. ಎರಡನ್ನೂ ಕೂಡಿಸಿ ಓದಿದರೆ ಪಾಸ್‌ಪೋರ್ಟಿನಲ್ಲಿ ಇರುವ ಅಕ್ಷರಗಳೇ ಸಿಗಬೇಕು. ಇನಿಷಿಯಲ್ ಹಾಕಬೇಡಿ, ಮನೆಯಲ್ಲಿ ಕರೆಯುವ ಹೆಸರು ಹಾಕಬೇಡಿ, ಒಂದೇ ಹೆಸರನ್ನು ಎರಡು ಸಲ ಬರೆಯಬೇಡಿ. ಬಾಗಿಲಿಗೆ ಮೂಲ ಪಾಸ್‌ಪೋರ್ಟನ್ನೇ ಒಯ್ಯಿರಿ. ಅಲ್ಲೇ ಓದುತ್ತಿರುವ ವಿದ್ಯಾರ್ಥಿಗಳಾದರೆ ಇಟಲಿಯ ಗುರುತಿನ ಕಾರ್ಡು ಸಾಕು. ಆಧಾರ್ ಕಾರ್ಡಿಗಾಗಲಿ ಫೋನಿನಲ್ಲಿರುವ ಪಾಸ್‌ಪೋರ್ಟಿನ ಚಿತ್ರಕ್ಕಾಗಲಿ ಭರವಸೆ ಇಡಬೇಡಿ. ಮಗುವಿನದೂ ಪ್ರತ್ಯೇಕ ಟಿಕೆಟ್, ಅದರ ಪಾಸ್‌ಪೋರ್ಟೂ ಬೇಕು.

ಈ ನಿಯಮ 2005ರಿಂದ ಬಿಗಿಯಾಯಿತು. ಅದೇ ವರ್ಷದ ಏಪ್ರಿಲ್ 12ರಂದು ಚಾಂಪಿಯನ್ಸ್ ಲೀಗ್‌ನ ಡರ್ಬಿಯಲ್ಲಿ ಇಂಟರ್ ಗ್ಯಾಲರಿಯಿಂದ ಎಸೆದ ಉರಿಯುವ ಪಟಾಕಿ ಮಿಲಾನ್ ಗೋಲ್‌ಕೀಪರ್ ದೀದಾ ಅವರ ಭುಜಕ್ಕೆ ತಗುಲಿ, ಪಂದ್ಯವೇ ನಿಂತುಹೋಯಿತು. ಯಾರು ಎಲ್ಲಿ ಕೂತಿದ್ದಾರೆ ಎಂಬುದು ಪೊಲೀಸರಿಗೆ ಗೊತ್ತಿರಬೇಕು ಎಂಬುದೇ ಹೆಸರಿನ ಟಿಕೆಟ್ಟಿನ ಉದ್ದೇಶ. ಆದ್ದರಿಂದ ಕ್ರೀಡಾಂಗಣದ ಬಳಿ ಕಾಗದದ ಟಿಕೆಟ್ ತೋರಿಸುತ್ತ ಬರುವವರಿಂದ ಕೊಂಡರೆ ಅದರ ಮೇಲೆ ಬೇರೆ ಯಾರದೋ ಹೆಸರು ಇರುತ್ತದೆ, ಅಥವಾ ಅದೇ ಟಿಕೆಟ್ಟನ್ನು ಹತ್ತು ಜನಕ್ಕೆ ಮಾರಿರುತ್ತಾರೆ. ಬರಲಾಗದ ಪಾಸುದಾರರು ತಮ್ಮ ಕುರ್ಚಿಯನ್ನು ಬಿಟ್ಟುಕೊಡಲು ಕ್ಲಬ್ಬಿನದೇ ಮರುಮಾರಾಟದ ಪುಟ ಇದೆ. ಪಂದ್ಯದ ಹಿಂದಿನ ಎರಡು ದಿನ ಅದನ್ನು ಮತ್ತೆ ಮತ್ತೆ ನೋಡುತ್ತಿರಿ, ಒಂಟಿ ಕುರ್ಚಿಗಳು ಆಗ ಬರುತ್ತವೆ. ಗೆಳೆಯರು ಟಿಕೆಟ್ ಕೊಟ್ಟರೆ, ಅದು ಹೆಸರು ಬದಲಿಸಬಹುದಾದ ಟಿಕೆಟ್ಟೇ ಎಂದು ಕೇಳಿ, ಕ್ಲಬ್ಬಿನ ಜಾಲತಾಣದಲ್ಲೇ ಬದಲಿಸಿಕೊಳ್ಳಿ. ರಿಯಾಯಿತಿಯ ಟಿಕೆಟ್ಟನ್ನು ವಯಸ್ಕರ ಹೆಸರಿಗೆ ಹಾಗೇ ಬದಲಿಸಲು ಬರುವುದಿಲ್ಲ.

ಎಲ್ಲಿ ಕೂರಬೇಕು ಎಂಬುದು ಈ ಇಡೀ ವಿಷಯದ ಹೃದಯ. ಸಾನ್ ಸಿರೊದ ನಾಲ್ಕು ದಿಕ್ಕಿಗೆ ನಾಲ್ಕು ಬಣ್ಣ: ಪಶ್ಚಿಮಕ್ಕೆ ಕೆಂಪು, ಪೂರ್ವಕ್ಕೆ ಕಿತ್ತಳೆ, ಉತ್ತರಕ್ಕೆ ಹಸಿರು, ದಕ್ಷಿಣಕ್ಕೆ ನೀಲಿ. ಮೂರು ಅಂತಸ್ತು, ಟಿಕೆಟ್ಟಿನಲ್ಲಿ ಅದಕ್ಕೆ ಅನೆಲ್ಲೊ ಎಂದು ಬರೆದಿರುತ್ತದೆ. ಮೂರನೆಯದನ್ನು 1990ರ ವಿಶ್ವಕಪ್‌ಗಾಗಿ ಸೇರಿಸಿದ್ದು, ಅದು ಕಿತ್ತಳೆ ಬದಿಯಲ್ಲಿ ಇಲ್ಲ. ಹೊರಗೆ ಕಾಣುವ 11 ದುಂಡು ಗೋಪುರಗಳು ಆಗಲೇ ಎದ್ದವು. ನಾಲ್ಕು ಮೂಲೆಯವು ಚಾವಣಿಯ ಭಾರವನ್ನೂ ಹೊರುತ್ತವೆ.

ಗೋಲಿನ ಹಿಂದಿನ ತುದಿ ಗ್ಯಾಲರಿಗೆ ಇಟಲಿಯಲ್ಲಿ ಕೂರ್ವಾ ಎನ್ನುತ್ತಾರೆ. ಹಸಿರು ಎರಡನೇ ಅಂತಸ್ತು ಇಂಟರ್‌ನ ಉಗ್ರ ಬೆಂಬಲಿಗರ ಕೂರ್ವಾ ನಾರ್ಡ್. ನೀಲಿ ಎರಡನೇ ಅಂತಸ್ತು ಮಿಲಾನ್‌ನವರ ಕೂರ್ವಾ ಸೂದ್. ಆತಿಥೇಯರು ಯಾರೇ ಆಗಲಿ, ಈ ಎರಡು ಜಾಗ ಬದಲಾಗುವುದಿಲ್ಲ. ಹೊರಗಿನವರು ಅಲ್ಲಿ ಟಿಕೆಟ್ ಸಿಕ್ಕರೂ ಕೊಳ್ಳಬೇಡಿ ಎಂದೇ ನಾವು ಹೇಳುತ್ತೇವೆ. ಅಲ್ಲಿ ಕುರ್ಚಿಯ ಸಂಖ್ಯೆಗೆ ಬೆಲೆ ಇಲ್ಲ, ಇಡೀ ಪಂದ್ಯ ನಿಂತೇ ನೋಡಬೇಕು, ಮೈಕು ಹಿಡಿದವರು ಹಾಡು ಎತ್ತಿದಾಗ ಹಾಡಬೇಕು, ಫೋನಿನಲ್ಲಿ ಚಿತ್ರ ತೆಗೆಯುವವರನ್ನು ಅನುಮಾನದಿಂದ ನೋಡುತ್ತಾರೆ. ವಾರಗಟ್ಟಲೆ ಕೂತು ಬಣ್ಣ ಬಳಿದು, ಹಣ ಕೂಡಿಸಿ, ಇಡೀ ಗ್ಯಾಲರಿಯನ್ನು ಮುಚ್ಚುವ ಚಿತ್ರಪಟ ತಯಾರಿಸುವ ಜನ ಅವರು. ಅವರಿಗೆ ಅದು ತಮ್ಮ ಜಾಗ, ಹೊರಗಿನವರು ನೋಡಿ ಹೋಗುವ ಪ್ರದರ್ಶನವಲ್ಲ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. 2024ರ ಸೆಪ್ಟೆಂಬರಿನಲ್ಲಿ ಸುಲಿಗೆ, ಅಕ್ರಮ ಕೂಟದಂಥ ಆರೋಪಗಳ ಮೇಲೆ ಎರಡೂ ಕೂರ್ವಾಗಳ ಮುಂದಾಳುಗಳನ್ನು ಬಂಧಿಸಲಾಯಿತು. ಅಂಥ ಜಾಗದಲ್ಲಿ ಪರಿಚಯವಿಲ್ಲದವರು ಕುತೂಹಲಕ್ಕಾಗಿ ಹೋಗಿ ನಿಲ್ಲುವುದರಲ್ಲಿ ಅರ್ಥವಿಲ್ಲ.

ಮೊದಲ ಸಲ ಹೋಗುವವರಿಗೆ ನಮ್ಮ ಆಯ್ಕೆ ಕೆಂಪು ಅಥವಾ ಕಿತ್ತಳೆ ಬದಿಯ ಎರಡನೇ ಅಂತಸ್ತು. ಎರಡೂ ಕೂರ್ವಾಗಳು ಎಡಬಲಕ್ಕೆ ಒಟ್ಟಿಗೆ ಕಾಣುತ್ತವೆ, ಆಟದ ವಿನ್ಯಾಸವೂ ಬಿಡಿಸಿಟ್ಟಂತೆ ಕಾಣುತ್ತದೆ. ಬೆಲೆ ಹೆಚ್ಚು, ನಡುವಿನ ಕುರ್ಚಿಗಳು ನೂರಾರು ಯೂರೊ ಮುಟ್ಟುತ್ತವೆ. ಮೊದಲ ಅಂತಸ್ತಿನ ಮುಂದಿನ ಸಾಲುಗಳು ಆಟಗಾರರಿಗೆ ಹತ್ತಿರ, ಆದರೆ ಕಣ್ಣು ನೆಲದ ಮಟ್ಟಕ್ಕಿರುವುದರಿಂದ ದೂರದ ತುದಿಯಲ್ಲಿ ಚೆಂಡು ಯಾರ ಕಾಲಲ್ಲಿದೆ ಎಂದೇ ತಿಳಿಯದು, ಮಳೆ ಬಂದರೆ ನೆನೆಯುತ್ತೀರಿ ಕೂಡ. ಮೂರನೇ ಅಂತಸ್ತು ಅಗ್ಗ, ಬಹಳ ಎತ್ತರ, ಮೆಟ್ಟಿಲು ಕಡಿದು. ಮಂಡಿ ನೋವಿದ್ದವರಿಗೆ, ಎತ್ತರದ ಭಯವಿದ್ದವರಿಗೆ ಅದು ಬೇಡ.

ಬಟ್ಟೆಯ ಬಣ್ಣ ಕಡೆಗಣಿಸುವ ವಿಷಯವಲ್ಲ. ಮಿಲಾನ್ ಕೆಂಪು-ಕಪ್ಪು, ಇಂಟರ್ ನೀಲಿ-ಕಪ್ಪು. ನಮ್ಮ ಹುಡುಗರು ಪ್ರೀತಿಯಿಂದ ಹಾಕಿಕೊಂಡು ಹೋಗುವ ಆರ್‌ಸಿಬಿಯ ಹಳೆಯ ಕೆಂಪು-ಕಪ್ಪು ಜೆರ್ಸಿ ಅಲ್ಲಿ ಮಿಲಾನ್ ಜೆರ್ಸಿಯಂತೆ ಕಾಣುತ್ತದೆ. ನಾಡಧ್ವಜದ ಹಳದಿ-ಕೆಂಪು ರೋಮಾ ತಂಡದ ಬಣ್ಣ, ಅದನ್ನು ಸಾನ್ ಸಿರೊದಲ್ಲಿ ಬಿಚ್ಚಿದರೆ ಎರಡೂ ಕಡೆಯವರಿಗೂ ನೀವು ಪರರು. ಅದಲ್ಲದೆ ಇಟಲಿಯಲ್ಲಿ 2007ರಲ್ಲಿ ಬ್ಯಾನರು, ಡೋಲು, ಧ್ವನಿವರ್ಧಕಗಳಿಗೆ ಮುಂಚಿತ ಅನುಮತಿ ಪಡೆಯುವ ನಿಯಮ ಬಂತು. ಬೂದು, ಕಂದು, ಬಿಳಿ ತೊಡಿ. ಆತಿಥೇಯ ತಂಡದ ಸ್ಕಾರ್ಫ್ ಕೊಳ್ಳುವುದಾದರೆ ಒಳಗೆ ಹೋಗಿ ನಿಮ್ಮ ಸುತ್ತ ಯಾರಿದ್ದಾರೆ ಎಂದು ನೋಡಿದ ಮೇಲೆ ಕೊರಳಿಗೆ ಹಾಕಿಕೊಳ್ಳಿ. ಎರಡೂ ತಂಡದ ಬಣ್ಣ ಅರ್ಧರ್ಧ ಇರುವ ಸ್ಕಾರ್ಫನ್ನು ಪ್ರವಾಸಿಗರಿಗೆಂದೇ ಮಾರುತ್ತಾರೆ, ಅದು ಇಬ್ಬರಿಗೂ ಹಿಡಿಸದು. ಹೀಗೆಂದ ಮಾತ್ರಕ್ಕೆ ಅಂಜಬೇಕಿಲ್ಲ. ಎರಡೂ ಕೂರ್ವಾಗಳ ನಡುವೆ 1980ರ ದಶಕದಿಂದ ಪರಸ್ಪರ ಕೈಮಾಡಬಾರದೆಂಬ ಒಪ್ಪಂದ ನಡೆದುಬಂದಿದೆ. ಬದಿಯ ಗ್ಯಾಲರಿಗಳಲ್ಲಿ ಬೇರೆ ಬೇರೆ ಬಣ್ಣದ ಸ್ಕಾರ್ಫ್ ತೊಟ್ಟ ಗಂಡ-ಹೆಂಡತಿ ಅಕ್ಕಪಕ್ಕ ಕೂತಿರುವುದೂ ಕಾಣಸಿಗುತ್ತದೆ.

ಹೋಗುವ ದಾರಿ ಸರಳ. ನೇರಳೆ ಬಣ್ಣದ ಐದನೇ ಮೆಟ್ರೊ ಮಾರ್ಗದ ಕೊನೆಯ ನಿಲ್ದಾಣ ಸಾನ್ ಸಿರೊ ಸ್ತಾದಿಯೊ. ಕೆಂಪು ಮಾರ್ಗದವರು ಲೊತ್ತೊದಲ್ಲಿ ಇಳಿದು ನಡೆಯಬಹುದು. ಊರ ನಡುವಿನಿಂದ 16ನೇ ಸಂಖ್ಯೆಯ ಟ್ರಾಮ್ ಬಾಗಿಲವರೆಗೆ ಬರುತ್ತದೆ. ಮೆಟ್ರೊ ಗೇಟಿನಲ್ಲಿ ಬ್ಯಾಂಕ್ ಕಾರ್ಡನ್ನೇ ತಾಗಿಸಬಹುದು, ಆದರೆ ಇಬ್ಬರಿಗೆ ಒಂದೇ ಕಾರ್ಡು ನಡೆಯದು. ಚಾಲಕರಿಲ್ಲದ ನೇರಳೆ ಮಾರ್ಗದ ರೈಲು ಬರೀ ನಾಲ್ಕು ಬೋಗಿಯದು, ತುಂಬಿದ ಗಾಡಿಯಲ್ಲಿ ಜೇಬುಗಳ್ಳರಿಗೆ ಕೆಲಸ ಸುಲಭ. ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ. ಸೂಟ್‌ಕೇಸು, ಟ್ರಾಲಿ ಒಯ್ಯಬೇಡಿ, ಒಳಗೆ ಬಿಡುವುದಿಲ್ಲ. ಚೆಂತ್ರಾಲೆ ರೈಲು ನಿಲ್ದಾಣದಲ್ಲಿ ಸಾಮಾನು ಇಡುವ ಕೊಠಡಿ ಇದೆ. ಕೊಡೆಯ ಬದಲು ಮಳೆಯಂಗಿ. ನೀರಿನ ಬಾಟಲಿಯ ಮುಚ್ಚಳವನ್ನು ಬಾಗಿಲಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ, ಎಸೆದರೆ ಮುಚ್ಚಿದ ಬಾಟಲಿ ಕಲ್ಲಿನಷ್ಟು ಪೆಟ್ಟು ಕೊಡುತ್ತದೆ ಎಂಬ ಕಾರಣಕ್ಕೆ.

ಆಟ ಶುರುವಾಗುವುದಕ್ಕೆ ಒಂದೂವರೆ ಗಂಟೆ ಮೊದಲು ಹೊರಬೇಲಿಯ ಬಳಿ ಇರಿ. ತಪಾಸಣೆ ಎರಡು ಸುತ್ತು. ಹೊರಬೇಲಿಯಲ್ಲಿ ಟಿಕೆಟ್ ಮತ್ತು ಪಾಸ್‌ಪೋರ್ಟ್ ನೋಡಿ, ಮೈ ತಡವಿ ಒಳಬಿಡುತ್ತಾರೆ. ಆಮೇಲೆ ಗೋಡೆಯ ಬಳಿ ತಿರುಗುಗೇಟು, ಅಲ್ಲಿ ಟಿಕೆಟ್ಟಿನ ಚುಕ್ಕಿಚೌಕವನ್ನು (ಕ್ಯೂಆರ್ ಕೋಡ್) ಯಂತ್ರ ಓದುತ್ತದೆ. ಟಿಕೆಟ್ಟಿನಲ್ಲಿ ಇಂಗ್ರೆಸ್ಸೊ ಎಂಬ ಪದದ ಮುಂದಿರುವ ಸಂಖ್ಯೆಯೇ ನಿಮ್ಮ ಬಾಗಿಲು, ಫೀಲಾ ಸಾಲು, ಪೋಸ್ತೊ ಕುರ್ಚಿ. ತಪ್ಪು ಬದಿಯಲ್ಲಿ ಸರತಿ ನಿಂತರೆ ಕ್ರೀಡಾಂಗಣವನ್ನು ಅರ್ಧ ಸುತ್ತು ಹಾಕಬೇಕು, ಆ ಜನಜಂಗುಳಿಯಲ್ಲಿ ಅದಕ್ಕೆ ಕಾಲು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಮೂರನೇ ಅಂತಸ್ತಿಗೆ ಗೋಪುರದೊಳಗೆ ಸುತ್ತಿ ಸುತ್ತಿ ಏರಬೇಕು. ಟಿಕೆಟ್ಟನ್ನು ಫೋನಿಗೆ ಇಳಿಸಿಕೊಂಡು, ಕಾಗದದಲ್ಲೂ ಒಂದು ಪ್ರತಿ ಇಟ್ಟುಕೊಳ್ಳಿ. ಅಷ್ಟು ಜನ ಸೇರಿದಾಗ ನೆಟ್‌ವರ್ಕ್ ಸಿಗುವುದಿಲ್ಲ.

ಬೇಲಿಯಿಂದ ಬೇಲಿಗೆ ಜನರನ್ನು ತಡೆತಡೆದು ಬಿಡುವ ಈ ಕ್ರಮ ಕಿರಿಕಿರಿ ಎನಿಸಬಹುದು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ 11 ಜನರ ಜೀವ ಹೋದದ್ದನ್ನು ಕಂಡ ನಾವು, ಹಂತ ಹಂತದ ಬೇಲಿ ಯಾತಕ್ಕೆ ಎಂದು ಕೇಳಬೇಕಿಲ್ಲ. ತಳ್ಳಬೇಡಿ, ನುಗ್ಗಬೇಡಿ, ಹಿಂದಿನಿಂದ ಒತ್ತಡ ಬಂದರೆ ಕೈಗಳನ್ನು ಎದೆಯ ಮುಂದೆ ಮಡಚಿ ಉಸಿರಿಗೆ ಜಾಗ ಮಾಡಿಕೊಂಡು ಓರೆಯಾಗಿ ಅಂಚಿಗೆ ಸರಿಯಿರಿ.

ಊಟದ ವಿಷಯ. ಹೊರಗೆ ಸಾಲಾಗಿ ನಿಂತ ಗಾಡಿಗಳಲ್ಲಿ ಸಿಗುವುದು ಸಲಮೆಲ್ಲಾ ಬನ್ನು: ಹಂದಿಮಾಂಸದ ಸಾಸೇಜನ್ನು ಸೀಳಿ ಕಾವಲಿಯ ಮೇಲೆ ಸುಟ್ಟು, ಈರುಳ್ಳಿ, ದಪ್ಪಮೆಣಸಿನಕಾಯಿಯೊಂದಿಗೆ ಇಟ್ಟುಕೊಡುತ್ತಾರೆ. ಸಸ್ಯಾಹಾರಿಗಳು ಬರೀ ತರಕಾರಿ, ಚೀಸ್ ಹಾಕಿಸಿಕೊಳ್ಳಬಹುದು, ಆದರೆ ಕಾವಲಿ ಅದೇ. ಅದು ಒಗ್ಗದವರು ಊರೊಳಗೆ ಉಂಡೇ ಹೊರಡಿ. ಗ್ಯಾಲರಿಯಲ್ಲಿ ಬೋರ್ಗೆತ್ತಿ ಎಂದು ಕೂಗುತ್ತ ಪುಟ್ಟ ಪ್ಲಾಸ್ಟಿಕ್ ಕುಪ್ಪಿಯಲ್ಲಿ ಮಾರುವುದು ಕಾಫಿಯ ವಾಸನೆಯ ಮದ್ಯ. ಚಳಿಗೆ ಬಿಸಿ ಕಾಫಿ ಇರಬಹುದೆಂದು ಮಕ್ಕಳಿಗೆ ಕೊಡಿಸಬೇಡಿ.

ಆಟಗಾರರು ಮೈದಾನಕ್ಕೆ ಕಾಲಿಡುವ ಕೆಲವೇ ನಿಮಿಷ ಎರಡೂ ಕೂರ್ವಾಗಳು ತಮ್ಮ ಚಿತ್ರಪಟ ಬಿಚ್ಚುತ್ತವೆ. ಇಡೀ ಪಂದ್ಯದಲ್ಲಿ ತಪ್ಪಿಸಿಕೊಳ್ಳಬಾರದ ಗಳಿಗೆ ಅದೇ, ಬಾಗಿಲಲ್ಲಿ ತಡವಾದವರು ಕಳೆದುಕೊಳ್ಳುವುದೂ ಅದನ್ನೇ. ಅರ್ಧ ಗಂಟೆ ಮೊದಲು ಕುರ್ಚಿಯಲ್ಲಿರಿ. ನಿಮ್ಮ ಕುರ್ಚಿಯ ಮೇಲೆ ಬಣ್ಣದ ಹಾಳೆ ಇಟ್ಟಿದ್ದರೆ ಅದು ದೊಡ್ಡ ಚಿತ್ರದ ಒಂದು ತುಣುಕು. ಸುತ್ತಲಿನವರು ಎತ್ತಿದಾಗ ಎತ್ತಿ, ಇಳಿಸಿದಾಗ ಇಳಿಸಿ. ಫೋಟೊ ತೆಗೆಯಲೆಂದು ಕೈ ಬಿಟ್ಟರೆ ಚಿತ್ರದಲ್ಲಿ ಅಲ್ಲೊಂದು ತೂತು. ಆತಿಥೇಯರು ಗೋಲು ಹೊಡೆದರೆ ಉದ್ಘೋಷಕರು ಆಟಗಾರನ ಮೊದಲ ಹೆಸರನ್ನು ಕೂಗುತ್ತಾರೆ, ಮನೆತನದ ಹೆಸರನ್ನು ಜನ ಒಂದೇ ದನಿಯಲ್ಲಿ ಕೂಗುತ್ತಾರೆ. ತಂಡದ ಪಟ್ಟಿಯನ್ನು ಮೊದಲೇ ಓದಿಕೊಂಡು ಹೋಗಿ ಆ ಕೂಗಿಗೆ ನಿಮ್ಮ ದನಿಯನ್ನೂ ಸೇರಿಸಿ, ಅದರ ಸುಖವೇ ಬೇರೆ. ಆ ಹೊತ್ತಿಗೆ ಎರಡನೇ ಅಂತಸ್ತಿನ ಕಾಂಕ್ರೀಟು ಕಾಲಡಿ ಅದುರುವುದು ತಿಳಿಯುತ್ತದೆ. ಎದುರಾಳಿಯ ಗೋಲಿಗೆ ಮಾತ್ರ ಜಿಗಿಯಬೇಡಿ.

ಮೈಬಣ್ಣದ ಬಗ್ಗೆ ನಮ್ಮವರಲ್ಲಿ ಇರುವ ಆತಂಕ ಸುಳ್ಳಲ್ಲ. 2018ರ ಡಿಸೆಂಬರ್ 26ರಂದು ಇದೇ ಅಂಗಳದಲ್ಲಿ ನಾಪೋಲಿಯ ಕಲಿದೂ ಕುಲಿಬಾಲಿ ಅವರನ್ನು ಜನಾಂಗೀಯವಾಗಿ ಹೀಯಾಳಿಸಿದ್ದಕ್ಕೆ ಇಂಟರ್ ಎರಡು ಪಂದ್ಯಗಳನ್ನು ಪ್ರೇಕ್ಷಕರಿಲ್ಲದೆ ಆಡಬೇಕಾಯಿತು. ಬದಿಯ ಗ್ಯಾಲರಿಗಳಲ್ಲಿ ಕೂತ ವಿದೇಶಿಯರೊಂದಿಗೆ ಜನ ಸಾಮಾನ್ಯವಾಗಿ ಸ್ನೇಹದಿಂದಲೇ ಇರುತ್ತಾರೆ. ಯಾರಾದರೂ ಕೆಣಕಿದರೆ ಮಾತಿಗೆ ಮಾತು ಬೆಳೆಸದೆ, ಹೊಳೆಯುವ ಅಂಗಿ ತೊಟ್ಟ ಸ್ಟೂವರ್ಡ್‌ಗಳ ಬಳಿ ಹೋಗಿ, ನಿಮ್ಮ ಸಾಲು, ಕುರ್ಚಿಯ ಸಂಖ್ಯೆ ತೋರಿಸಿ ದೂರು ಕೊಡಿ. ತುರ್ತಿಗೆ 112.

ರಾತ್ರಿ 8.45ರ ಪಂದ್ಯ ಮುಗಿಯುವುದು ಸುಮಾರು 10.40ಕ್ಕೆ. ಎಲ್ಲರೂ ಒಮ್ಮೆಲೆ ಸಾನ್ ಸಿರೊ ಸ್ತಾದಿಯೊ ನಿಲ್ದಾಣಕ್ಕೆ ಹೋಗುತ್ತಾರೆ, ಅಲ್ಲಿ ಸಿಬ್ಬಂದಿ ಗೇಟು ಮುಚ್ಚಿ ಗುಂಪು ಗುಂಪಾಗಿ ಒಳಬಿಡುತ್ತಾರೆ. ಅಲ್ಲಿ ನಿಲ್ಲುವುದಕ್ಕಿಂತ ಲೊತ್ತೊವರೆಗೆ ನಡೆಯುವುದು ಮೇಲು, ಹೆಚ್ಚೆಂದರೆ ಇಪ್ಪತ್ತೈದು ನಿಮಿಷ. ದಾರಿ ತುಂಬ ಜನ ಇರುತ್ತಾರೆ, ಅಲ್ಲಿಂದ ಎರಡು ಮಾರ್ಗಗಳ ಗಾಡಿ ಸಿಗುತ್ತದೆ. ಮೆಟ್ರೊ ಮಧ್ಯರಾತ್ರಿ ದಾಟುತ್ತಿದ್ದಂತೆ ನಿಲ್ಲುತ್ತದೆ. ಮಕ್ಕಳಿದ್ದವರು ಕೊನೆಯ ಸಿಳ್ಳೆಗೆ ಹತ್ತು ನಿಮಿಷ ಮೊದಲೇ ಎದ್ದು ಬಂದರೆ ನೂಕುನುಗ್ಗಲು ತಪ್ಪುತ್ತದೆ. ಪಂದ್ಯದ ಮೇಲೆ ಪ್ರಶಸ್ತಿ ನಿಂತಿದ್ದರೆ ಲೆಕ್ಕ ಬೇರೆ. 2024ರ ಏಪ್ರಿಲ್ 22ರಂದು ಇಂಟರ್ ತನ್ನ 20ನೇ ಲೀಗ್ ಪ್ರಶಸ್ತಿಯನ್ನು ಡರ್ಬಿಯಲ್ಲೇ, 2–1ರಿಂದ ಗೆದ್ದಾಗ ಜನ ಊರ ನಡುವಿನ ಚರ್ಚಿನ ಚೌಕದಲ್ಲಿ ಸೇರಿದರು. ಅಂಥ ರಾತ್ರಿ ಆ ಭಾಗದಲ್ಲಿ ಹೋಟೆಲ್ ಹಿಡಿದವರು ತಮ್ಮ ಕೋಣೆ ಸೇರಲು ಸುತ್ತುದಾರಿ ಹಿಡಿಯಬೇಕಾಗುತ್ತದೆ.

ಡರ್ಬಿಯ ಟಿಕೆಟ್ ಸಿಗಲೇ ಇಲ್ಲವೆಂದಾದರೆ, ಅದೇ ತಿಂಗಳಲ್ಲಿ ಪಟ್ಟಿಯ ಕೆಳಗಿನ ಯಾವುದಾದರೂ ತಂಡ ಸಾನ್ ಸಿರೊಗೆ ಬರುವ ಪಂದ್ಯ ನೋಡಿ. ಬಾಗಿಲು, ತಪಾಸಣೆ, ಅಂತಸ್ತು ಎಲ್ಲ ಅವೇ, ಬೆಲೆ ಎಷ್ಟೋ ಕಡಿಮೆ, ಆತಿಥೇಯರ ಕೂರ್ವಾ ಅಲ್ಲಿಯೂ ಪೂರ್ತಿ ತೊಂಬತ್ತು ನಿಮಿಷ ಹಾಡುತ್ತದೆ. ಅಲ್ಲೇ ಓದುತ್ತಿರುವ ನಮ್ಮ ವಿದ್ಯಾರ್ಥಿಗಳಂತೂ ಅಂಥ ಒಂದು ಪಂದ್ಯದಿಂದಲೇ ಶುರುಮಾಡುವುದು ಒಳ್ಳೆಯದು. ಆಗ ತೆರೆದ ಖಾತೆ, ಸರಿಪಡಿಸಿಕೊಂಡ ಹೆಸರು, ಕೊಂಡ ಸದಸ್ಯತ್ವ ಇವೆಲ್ಲ ಮುಂದೆ ಡರ್ಬಿಯ ಮಾರಾಟ ತೆರೆಯುವ ಬೆಳಿಗ್ಗೆ ಕೆಲಸಕ್ಕೆ ಬರುತ್ತವೆ.